ಕಿವಿಗೆ ಕೋಣೆ ಬೇಕು, ನೆನಪಿಗೆ ಕನ್ನಡ ಬೇಕು

ವಯಸ್ಸಾದವರ ಕಿವಿಯನ್ನೂ ನೆನಪಿನ ಶಕ್ತಿಯನ್ನೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪರೀಕ್ಷಿಸಿಕೊಳ್ಳಬಹುದು ಎಂಬ ಮಾತು ಇಲ್ಲಿ ಬ್ರಿಟನ್ನಿನಲ್ಲಿ ಆಗಾಗ ಕೇಳಿಬರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ.

ಕಿವಿಯ ವಿಷಯದಲ್ಲಿ ನಾನು ಆಸ್ಪತ್ರೆಯ ಪರ. ಗದ್ದಲದ ನಡುವೆ ಮೂರು ಅಂಕಿಗಳನ್ನು ಕೇಳಿಸಿ, ಕೇಳಿದ್ದನ್ನು ಒತ್ತಿಸುವ ಆನ್‌ಲೈನ್ ಪರೀಕ್ಷೆ ಜಾಣತನದ್ದೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ಆಪ್ ಕೂಡ ಇದೇ ಬಗೆಯದು. ಆದರೆ ಯಾವ ಆಪ್ ಕೂಡ ಕಿವಿಯೊಳಗೆ ಇಣುಕುವುದಿಲ್ಲ. ನಮ್ಮ ಅತ್ತೆಯವರ ಫಲಿತಾಂಶ ಕಳಪೆ ಎಂದು ಬಂದಾಗ ಮನೆಯವರೆಲ್ಲ ಗಾಬರಿಯಾದೆವು. ಆಸ್ಪತ್ರೆಯಲ್ಲಿ ದೀಪ ಬಿಟ್ಟು ನೋಡಿದರೆ ಒಂದು ಕಿವಿಯ ತುಂಬ ಗುಗ್ಗೆ. ಅದನ್ನು ತೆಗೆದು, ಶಬ್ದ ಒಳಬಾರದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿದ ಮೇಲೆ ಅಸಲು ಚಿತ್ರ ಸಿಕ್ಕಿತು: ತಗ್ಗು ಸ್ವರಗಳು ಚೆನ್ನಾಗಿ ಕೇಳಿಸುತ್ತವೆ, ಏರು ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ. ಹೀಗೆ ಏರು ಸ್ವರದ ಸ, ಶ, ತ ಮಾಸಿಹೋಗಿ ಅ, ಆ ಮಾತ್ರ ಉಳಿಯುವುದು ಈ ವಯಸ್ಸಿನಲ್ಲಿ ಸಾಮಾನ್ಯ. “ಕೇಳಿಸುತ್ತದೆ, ಏನಂದಿರೋ ತಿಳಿಯುವುದಿಲ್ಲ” ಎಂದು ಅವರು ಹೇಳುತ್ತಿದ್ದುದು ಅಕ್ಷರಶಃ ನಿಜ.

ನೆನಪಿನ ಪರೀಕ್ಷೆಗೆ ಬಂದರೆ ನನ್ನ ನಿಲುವು ತಿರುಗುತ್ತದೆ. ಮೋಕಾ ಎಂಬ 30 ಅಂಕಗಳ ಪರೀಕ್ಷೆಯಲ್ಲಿ ಐದು ಪದ ಕೇಳಿಸಿ, ಸ್ವಲ್ಪ ಹೊತ್ತಿನ ನಂತರ ಹೇಳಿಸುತ್ತಾರೆ. ವಾಕ್ಯ ಒಪ್ಪಿಸಬೇಕು, ಗಡಿಯಾರ ಬರೆಯಬೇಕು. ಪದವೇ ಸರಿಯಾಗಿ ಕಿವಿಗೆ ಬೀಳದಿದ್ದರೆ ಅಂಕ ಹೋಗುವುದು ನೆನಪಿನ ಲೆಕ್ಕದಲ್ಲಿ! ಇಲ್ಲಿ ಎದುರಿಗೆ ಕೂತು ನಡೆದ ಪರೀಕ್ಷೆಯಲ್ಲಿ ಪ್ರಶ್ನೆ ಇಂಗ್ಲಿಷಿನದು, ಕನ್ನಡ ದುಭಾಷಿಯದು. ಪ್ರತಿ ವಾಕ್ಯಕ್ಕೂ ಕಾದು ಕಾದು ಅತ್ತೆಯವರು ಬಳಲಿದರು. ಆಮೇಲೆ ಶ್ರವಣಸಾಧನ ಹಾಕಿಸಿ, ಬೆಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರಿಂದ ವಿಡಿಯೋದಲ್ಲಿ ಕನ್ನಡದಲ್ಲೇ ಮಾಡಿಸಿದೆವು. ಗಡಿಯಾರವನ್ನು ಕಾಗದದ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿದರು, ತಡವರಿಸಲಿಲ್ಲ. ಓದಿದ್ದೆಷ್ಟು ಎಂದೂ ಆಕೆ ಕೇಳಿಕೊಂಡರು. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಈ ಪರೀಕ್ಷೆಯಲ್ಲಿ ಒಂದು ಅಂಕ ಸೇರಿಸುವ ಕ್ರಮವಿದೆ. ಪಕ್ಕದಲ್ಲಿದ್ದವರು ಬಾಯಿ ತಪ್ಪಿ ಉತ್ತರ ಹೇಳಿಬಿಡುತ್ತಾರೆಂದು ನಮ್ಮನ್ನು ಹೊರಗೆ ಕಳಿಸಿದ್ದೂ ಸರಿಯೇ.

ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ದಾರಿಯಾಗುವ, ಆದರೆ ತಗ್ಗಿಸಬಹುದಾದ 14 ಅಪಾಯಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಶ್ರವಣದೋಷ ಅದರಲ್ಲಿ ಒಂದು. ಹೀಗಿರುವಾಗ ಕಿವಿಯ ಸ್ಥಿತಿ ಕೇಳದೆಯೇ ನೆನಪಿಗೆ ಅಂಕ ಕೊಡುವ ಆಪ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆದರಿದ ಮುದುಕರು ಆ ಅಂಕವನ್ನೇ ಕಾಯಿಲೆ ಎಂದುಕೊಳ್ಳುತ್ತಾರೆ.

ವಿಡಿಯೋ ವರದಿಯೇ ರೋಗನಿರ್ಣಯವಲ್ಲ. ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್ ಬೇಕೆಂದರೆ ಆಸ್ಪತ್ರೆಗೆ ಹೋಗಲೇಬೇಕು. ಆ ಕನ್ನಡದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ಕಿವಿ ಪರೀಕ್ಷೆಯ ನಕ್ಷೆಯ ಜೊತೆ ಇಲ್ಲಿನ ವೈದ್ಯರಿಗೆ ಕೊಟ್ಟಿದ್ದೇವೆ.