ಉದ್ರಿ ವಸೂಲಾಗದ ಊರಲ್ಲಿ ಅಂಗಡಿ ಉಳಿಸೋದು ಹೇಗೆ?

ಬಳ್ಳಾರಿಯಲ್ಲಿ ವ್ಯಾಪಾರ ಡಲ್ ಆಯ್ತು ಅಂದರೆ ಸಾಕು, ಬುದ್ಧಿ ಹೇಳೋರಿಗೆ ಬರವಿಲ್ಲ. ಆನ್‌ಲೈನ್‌ಗೆ ಹೋಗಿ, ಆಫರ್ ಹಾಕಿ, ರೀಲ್ಸ್ ಮಾಡಿ. ನಾನು ಸಣ್ಣ ಅಂಗಡಿ, ಜೀನ್ಸ್ ಯೂನಿಟ್‌ಗಳ ಲೆಕ್ಕ ಬರೆಯುವವನು. ಪುಸ್ತಕ ತೆಗೆದರೆ ನನಗೆ ಕಾಣೋದೇ ಬೇರೆ. ಮಾರಾಟ ಅಷ್ಟೇನೂ ಕೆಟ್ಟಿರುವುದಿಲ್ಲ. ಬರಬೇಕಾದ ಬಾಕಿ ಮಾತ್ರ ಪುಟದಿಂದ ಪುಟಕ್ಕೆ ಬೆಳೆಯುತ್ತಾ ಹೋಗಿರುತ್ತದೆ. ರೀಲ್ಸ್ ಮಾಡಿ ಇನ್ನೂ ಹತ್ತು ಗಿರಾಕಿ ಕರೆತಂದು, ಆ ಹತ್ತೂ ಜನ ಉದ್ರಿ ಬರ್ಕೋ ಅಂದರೆ ಏನು ಮಾಡೋದು?

ಕೌಲ್ ಬಜಾರ್ ಕಡೆಯ ಒಂದು ಸಣ್ಣ ಯೂನಿಟ್ ತಗೊಳ್ಳಿ. 500 ಪ್ಯಾಂಟ್ ಹೊಲಿದು ಹೊರಗಿನ ಊರಿನ ಪಾರ್ಟಿಗೆ ಕಳಿಸಿದರು ಅಂದ್ಕೊಳ್ಳಿ. ಪೀಸಿಗೆ 400 ರೂಪಾಯಿ, ಒಟ್ಟು 2 ಲಕ್ಷದ ಬಿಲ್ಲು. ಪೀಸಿಗೆ 30 ರೂಪಾಯಿ ಉಳಿದರೂ 15,000 ಲಾಭ. ಪುಸ್ತಕದಲ್ಲಿ ಚೆನ್ನಾಗೇ ಕಾಣುತ್ತೆ. ಆದರೆ ಪಾರ್ಟಿ ದುಡ್ಡು ಕೊಡೋದು ನಾಲ್ಕು ತಿಂಗಳಾದ ಮೇಲೆ. ಅಲ್ಲಿತನಕ ಬಟ್ಟೆ ಕೊಟ್ಟವನು ಸುಮ್ಮನಿರುವುದಿಲ್ಲ, ವಾಷಿಂಗ್‌ನವನು ಸುಮ್ಮನಿರುವುದಿಲ್ಲ. ಶನಿವಾರ ಬಂದರೆ ಬಟವಾಡೆ ಆಗಲೇಬೇಕು. ಹೊಲಿಯೋ ಹೆಣ್ಮಕ್ಕಳಿಗೆ ಮುಂದಿನ ತಿಂಗಳು ಬಾರಮ್ಮ ಅನ್ನೋಕಾಗುತ್ತಾ? ಹಂಗಾಗಿ ಮಾಲೀಕ ನೂರಕ್ಕೆ ಮೂರರಂತೆ ಒಂದೂವರೆ ಲಕ್ಷ ಕೈಸಾಲ ತರುತ್ತಾನೆ. ತಿಂಗಳಿಗೆ 4,500 ಬಡ್ಡಿ. ನಾಲ್ಕು ತಿಂಗಳಿಗೆ 18,000. ಲಾಭ 15,000, ಬಡ್ಡಿ 18,000. ಆರ್ಡರ್ ಇತ್ತು, ಕೆಲಸ ಇತ್ತು, ಮಾಲೂ ಹೋಯ್ತು. ಆದರೂ ಕೈಯಿಂದ 3,000 ಹೋಯ್ತು. ಇನ್ನೂ ದೊಡ್ಡ ಆರ್ಡರ್ ಹಿಡಿದರೆ ಇನ್ನೂ ಜಾಸ್ತಿ ಹೋಗುತ್ತೆ.

ನಮ್ಮ ಊರಿಗೆ ಇದು ಹೊಸದೇನಲ್ಲ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನೋಡಿದ್ದೇವಲ್ಲ. ಲಾರಿಗಳು ನಿಂತವು, ಅದರ ಹಿಂದೆ ಟಯರ್ ಅಂಗಡಿ, ಗ್ಯಾರೇಜು, ಢಾಬಾ. ಲಾರಿ ಮಾಲೀಕರ ಹೆಸರಲ್ಲಿ ಬರೆದಿಟ್ಟ ಬಾಕಿ ಹಾಗೇ ಉಳೀತು. ಆಮೇಲೆ 2016ರ ನೋಟ್‌ಬಂದಿ, 2020ರ ಲಾಕ್‌ಡೌನ್. ಇನ್ನು ನಮ್ಮ ಕಡೆಯ ರೈತರು ಮಾರೋಕೆ ಹೋಗುವ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ಬಿದ್ದರೆ ಇಲ್ಲಿ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯಲ್ಲಿ ನೊಣ ಹೊಡೆಯಬೇಕು. 2023ರ ಚುನಾವಣೆ ಹೊತ್ತಿಗೆ 5,000 ಕೋಟಿಯ ಜೀನ್ಸ್ ಪಾರ್ಕಿನ ಮಾತೂ ಕೇಳಿದೆವು. ಬರಲಿ, ಬೇಡ ಅನ್ನೋರು ಯಾರು? ಆದರೆ ಈ ಶನಿವಾರದ ಬಟವಾಡೆಗೆ ಅದು ಆಗಿಬರೋದಿಲ್ಲ.

ಹಾಗಾದ್ರೆ ಸಹಾಯ ಅಂದರೆ ಏನು? ನನ್ನ ಪ್ರಕಾರ ಮೊದಲನೇ ಸಹಾಯ, ನಾವು ಕೊಡಬೇಕಾದ್ದನ್ನು ಕೊಡೋದು. ರೈತನ ಉದ್ರಿ ಬಗ್ಗೆ ನನಗೆ ತಕರಾರಿಲ್ಲ. ಫಸಲು ಬಂದ ಮೇಲೆ ಕೊಡ್ತೀನಿ ಅಂತಾನೆ, ಫಸಲು ಬಂದರೆ ಕೊಡ್ತಾನೆ. ಸಿಟ್ಟು ಬರೋದು ಒಂದನೇ ತಾರೀಖು ಸಂಬಳ ಬೀಳೋರ ಮೇಲೆ. ಫೋನಿನ ಕಂತು ತಪ್ಪಿಸೋದಿಲ್ಲ, ಟೇಲರ್ ಕೇಳಿದರೆ "ಎಲ್ಲಿ ಓಡಿ ಹೋಗ್ತೀನಪ್ಪಾ, ನಮ್ಮೋನೇ ಅಲ್ವಾ ನೀನು" ಅಂತಾರೆ. ನಮ್ಮೋನು ಅಂತಾನೇ ಅವನಿಗೆ ಈ ಗತಿ.

ಇನ್ನು ದೊಡ್ಡ ಪಾರ್ಟಿಗಳ ಬಾಕಿ. ಕಾನೂನು ಇದೆ ಅನ್ನೋದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಉದ್ಯಮ್ ಅನ್ನೋ ಸರ್ಕಾರಿ ನೋಂದಣಿ ಇರುವ ಸಣ್ಣ ತಯಾರಕರಿಗೆ, ಬೇರೆಯವರ ಮಾಲಿಗೆ ಕೂಲಿ ಕೆಲಸ (ಜಾಬ್ ವರ್ಕ್) ಮಾಡಿಕೊಡೋರಿಗೆ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. 2023-24ರ ಲೆಕ್ಕದಿಂದ ಇನ್ನೊಂದು ಬಿಗಿ ಬಂದಿದೆ: ಗಡುವು ಮೀರಿದ ಬಾಕಿಯನ್ನು ತೀರಿಸುವ ತನಕ ಮಾಲು ಕೊಂಡ ಪಾರ್ಟಿಗೆ ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸೋಕೆ ಬರೋದಿಲ್ಲ. ಬರೀ ಕೊಂಡು ಮಾರುವ ಅಂಗಡಿಯವರಿಗೆ ಇದರ ರಕ್ಷಣೆ ಇಲ್ಲ, ಅದು ಬೇರೆ ಮಾತು.

"ದೂರು ಕೊಟ್ಟರೆ ಪಾರ್ಟಿ ಕೈತಪ್ಪುತ್ತೆ ಅಣ್ಣಾ" ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ. ಅದಕ್ಕೇ ನಾನು ಸೀದಾ ದೂರಿಗೆ ಹೋಗಿ ಅನ್ನೋದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿ, ಹಣ ಕೊಡಬೇಕಾದ ತಾರೀಖು ಹಾಕಿ, ಲೆಕ್ಕದ ವರ್ಷ ಮುಗಿಯುವ ಮಾರ್ಚ್‌ಗೆ ಮುಂಚೆ ಒಂದು ನಯವಾದ ವಾಟ್ಸಾಪ್ ಹಾಕಿ. ಪಾರ್ಟಿಯ ಆಡಿಟರ್ ಉಳಿದ ಕೆಲಸ ಮಾಡ್ತಾನೆ. ಹೇಗೂ ಬಿಟ್ಟುಹೋದ ಪಾರ್ಟಿ ಇದ್ದರೆ ಬಾಕಿ ದೂರಿಗೆ ಅಂತಲೇ ಇರುವ ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ನಲ್ಲಿ ಧಾರಾಳವಾಗಿ ದೂರು ಕೊಡಿ.

ಬ್ಯಾಂಕಿನ ವಿಷಯದಲ್ಲಿ ನಮ್ಮೋರು ತಲೆಕೆಳಗು ಮಾಡ್ತಾರೆ. ಕಂತು ತಪ್ಪುತ್ತೆ ಅಂತ ಗೊತ್ತಾದ ಕೂಡಲೇ ಮ್ಯಾನೇಜರ್‌ನ ಫೋನ್ ಬಂದರೆ ಎತ್ತೋದನ್ನೇ ಬಿಡ್ತಾರೆ. ಮನೆಯಾಕೆಯ ಬಂಗಾರ ಅಡವಿಟ್ಟು ಒಂದು ಕಂತು ಕಟ್ಟಿ, ಮುಂದಿನ ಕಂತಿಗೆ ಮತ್ತೆ ಒದ್ದಾಡ್ತಾರೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಮೇಲೆ ಬಾಗಿಲು ತಟ್ಟಿದರೂ ಬೇರೆ ಸಾಲ ಹುಟ್ಟೋದು ಕಷ್ಟ. ಅದಕ್ಕೂ ಮುಂಚೆಯೇ, ನಷ್ಟದ ಸುಳಿವು ಸಿಕ್ಕಾಗಲೇ, ಮಾಲೀಕನೇ ಅರ್ಜಿ ಹಾಕಿ ಇರೋ ಸಾಲದ ಕಂತು, ಅವಧಿ ಮರುಹೊಂದಿಸಿಕೊಡಿ ಅಂತ ಕೇಳಬಹುದು. ರಿಸರ್ವ್ ಬ್ಯಾಂಕ್ 2016ರಲ್ಲೇ ಇದಕ್ಕೆ ದಾರಿ ಮಾಡಿದೆ. ಒಪ್ಪಲೇಬೇಕು ಅಂತೇನಿಲ್ಲ, ಆದರೆ ಕೇಳದವನಿಗೆ ಯಾರೂ ಕರೆದು ಕೊಡೋದಿಲ್ಲ. ಕೈಯಲ್ಲಿ ಅರ್ಜಿ ಇರಲಿ, ಬಾಯಿಮಾತು ಬೇಡ.

ಡಲ್ ಕಾಲದಲ್ಲಿ ರೇಟು ಇಳಿಸೋದಕ್ಕಿಂತ ನಗದಿಗೆ ಎರಡು ರೂಪಾಯಿ ಬಿಟ್ಟುಕೊಡೋದು ವಾಸಿ. ಮೇಲಿನ ಲೆಕ್ಕದಲ್ಲೇ ನೋಡಿ, ಪೀಸಿಗೆ 10 ರೂಪಾಯಿ ಬಿಟ್ಟು ತಕ್ಷಣ ದುಡ್ಡು ಪಡೆದಿದ್ದರೆ 10,000 ಉಳೀತಿತ್ತು. ಇದನ್ನ ಹೇಳಿದರೆ ಸಾಹುಕಾರರಿಗೆ ಮೊದಲು ಸಿಟ್ಟು ಬರುತ್ತೆ, ಆಮೇಲೆ ಕ್ಯಾಲ್ಕುಲೇಟರ್ ಕೇಳ್ತಾರೆ.

ಉದ್ಯಮ್ ನೋಂದಣಿಗೆ ಸರ್ಕಾರಿ ಪೋರ್ಟಲ್‌ನಲ್ಲಿ ಒಂದು ರೂಪಾಯಿಯೂ ಇಲ್ಲ, ಯಾರಿಗೂ ದುಡ್ಡು ಕೊಡಬೇಡಿ. ಬ್ಯಾಂಕಿನ ಅರ್ಜಿ ಬರೆಯೋಕೆ ಬಾರದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಭಾನುವಾರ ಕೂತು ಬರೆದುಕೊಡ್ತೀನಿ. ಫೀಸು ಬೇಡ. ಉದ್ರಿ ಪುಸ್ತಕ ಮಾತ್ರ ತರಲೇಬೇಕು, ಮನೆಯವರಿಗೆ ತೋರಿಸದ ಆ ಇನ್ನೊಂದು ಪುಸ್ತಕವನ್ನೂ.