ನೀರಿಗೆ ವಾಟ ಕೊಡಿ, ಕೋಟಿಂಗ್ ಆಮೇಲೆ

ಇವತ್ತು ಭಾನುವಾರ ಬೆಳಿಗ್ಗೆ ಆರೂವರೆಗೆ ಪ್ಯಾಂಟು ಮೊಣಕಾಲತನಕ ಮಡಚಿಕೊಂಡು ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನಿಂತಿದ್ದೆ. ಪಾದ ಮುಳುಗುವಷ್ಟು ನೀರು. ಮಳೆ ನಿಂತು ಎರಡು ದಿನವಾಗಿದೆ. ಶುಕ್ರವಾರದಿಂದ ಮುಂಬಯಿಯ ಈ ಮುಲುಂಡಿನಲ್ಲಿ ಒಂದು ಹನಿ ಬಿದ್ದಿಲ್ಲ, ಕೆಳಗೆ ರಸ್ತೆಯೆಲ್ಲ ಒಣಗಿದೆ, ನಮ್ಮ ಟೆರೇಸ್ ಮಾತ್ರ ಕೆರೆ.

ಇದೇ ಟೆರೇಸಿನ ಬಗ್ಗೆ ನಿನ್ನೆ ರಾತ್ರಿ ನಮ್ಮ ಹೌಸಿಂಗ್ ಸೊಸೈಟಿಯ (ಬಿಲ್ಡಿಂಗಿನ ಮನೆಯವರ ಸಂಘದ) ಮೀಟಿಂಗ್ ಆಯಿತು. ಕೆಳಗೆ ಸೋರದ ಹಾಗೆ ಮತ್ತೊಮ್ಮೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸುವುದು ಅಂತ ತೀರ್ಮಾನ. 1,80,000 ರೂಪಾಯಿ. ಹನ್ನೊಂದು ಜನ ಕೂತಿದ್ದೆವು. ಯಾವ ಕಂಪನಿಯ ಕೋಟಿಂಗ್, ಎಷ್ಟು ವರ್ಷದ ಗ್ಯಾರಂಟಿ, ಬಿಳಿ ಬಣ್ಣವೋ ಬೂದು ಬಣ್ಣವೋ ಅಂತ ಒಂದೂವರೆ ಗಂಟೆ ಮಾತಾಡಿದೆವು. ನೀರು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅಂತ ಒಬ್ಬರೂ ಕೇಳಲಿಲ್ಲ. ಮೇಲೆ ಹತ್ತಿ ನೋಡಿ ಬಂದವರೂ ಇರಲಿಲ್ಲ. ಆ ಸಿಟ್ಟಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಕಾಗುವುದನ್ನೇ ಕಾದು ವಾಚ್‌ಮನ್‌ನನ್ನು ಕರೆದುಕೊಂಡು ಮೇಲೆ ಹೋದೆ.

ಹಿಂಬದಿ ಮೂಲೆಯಲ್ಲಿ ಮಳೆನೀರಿನ ಪೈಪಿನ ಬಾಯಿ ಇದೆ. ನೀರಿನೊಳಗೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಪಾರಿವಾಳದ ಪುಕ್ಕ, ಆಮೇಲೆ ಕೊಳೆತ ಎಲೆ, ಗಾಳಿಪಟದ ದಾರದ ಸಿಕ್ಕು. ಎಲ್ಲದರ ಕೆಳಗೆ, ಬಾಯಿಗೆ ಸರಿಯಾಗಿ ಅಂಟಿಕೊಂಡು, ಒಂದು ಅರ್ಧ ಲೀಟರ್ ಹಾಲಿನ ಖಾಲಿ ಪ್ಯಾಕೆಟ್ಟು. ಬೆರಳು ತೂರಿಸಿ ಎಳೆದೆ. ಗುಳುಕ್ ಅಂತ ಒಂದು ಸದ್ದು, ನೀರಿನ ಮೇಲೆ ಸಣ್ಣ ಸುಳಿ, ನಾಲ್ಕು ಮಹಡಿ ಕೆಳಗಿನ ತನಕ ಪೈಪು ದಡದಡ ಅಂತು. ನೀರು ಕಣ್ಣೆದುರಿಗೇ ಇಳಿಯತೊಡಗಿತು. ಎಷ್ಟು ಖುಷಿಯಾಯಿತು ಅಂದರೆ ವಾಚ್‌ಮನ್ ಕೈ ಹಿಡಿದು ಕುಲುಕಿಬಿಟ್ಟೆ.

ಹತ್ತು ನಿಮಿಷ ಕಳೆದ ಮೇಲೆ ನೀರು ಇಳಿಯುವುದು ನಿಂತಿತು.

ಇನ್ನೂ ಒಂದೂವರೆ ಇಂಚು ನೀರು ಹಾಗೇ ಇತ್ತು. ಪೈಪಿನ ಬಾಯಿ ಈಗ ಚೊಕ್ಕಟ, ನೀರು ಮಾತ್ರ ಅದರ ಹತ್ತಿರ ಬರುತ್ತಿಲ್ಲ. ಪಕ್ಕದ ಬಿಲ್ಡಿಂಗಿನಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿಯನ್ನು ಕರೆಸಿದೆ, ವಿಜಯಪುರದ ಕಡೆಯವನು. ಅವನು ತಂದದ್ದು ಒಂದು ಪಾರದರ್ಶಕ ಪೈಪು, ಅದರ ತುಂಬ ನೀರು, ಅಷ್ಟೇ. ಒಂದು ತುದಿ ನಾನು ಮಳೆನೀರಿನ ಪೈಪಿನ ಬಾಯಿಯ ಹತ್ತಿರ ಹಿಡಿದೆ, ಇನ್ನೊಂದನ್ನು ಅವನು ಟೆರೇಸಿನ ನಡುವೆ ಹಿಡಿದ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಆ ಮಟ್ಟದಿಂದ ನೆಲದ ತನಕ ಟೇಪಿನಲ್ಲಿ ಅಳೆದೆವು. ನೀರು ಹೊರಗೆ ಹೋಗಬೇಕಾದ ಬಾಯಿ ಟೆರೇಸಿನ ನಡುಮಧ್ಯಕ್ಕಿಂತ ಒಂದೂವರೆ ಇಂಚು ಮೇಲಿದೆ! ಪ್ರತಿ ಸಲ ರಿಪೇರಿಗೆ ಬಂದವರು ಬಾಯಿಯ ಸುತ್ತ ಇನ್ನೊಂದು ಪದರ ಸಿಮೆಂಟ್ ಮೆತ್ತಿ ಹೋಗಿದ್ದಾರೆ. ಬಾವಿಗೆ ಕಟ್ಟೆ ಕಟ್ಟಿದ ಹಾಗೆ ಆಗಿದೆ.

'ಸಾಹೇಬ್ರ, ಇದಕ್ಕ ವಾಟಾನೇ ಇಲ್ಲ. ಬಣ್ಣಾ ಹೊಡದ್ರ ನೀರು ಹೆಂಗ ಹೋಗತೈತಿ?' ಅಂದ.

ಹನ್ನೊಂದು ಜನ ಒಂದೂವರೆ ಗಂಟೆ ಕೂತು ಕೇಳದೆ ಇದ್ದ ಪ್ರಶ್ನೆ ಇದು.

ನಮ್ಮ ಊರ ಕಡೆ ಗೌಂಡಿ ವಾಟ ಅಂದರೆ ಇಳಿಜಾರು. ಮುಂಬಯಿಯ ಮೇಸ್ತ್ರಿಗಳು ವಾಟಾ ಅನ್ನುವುದು ಪ್ಯಾರಪೆಟ್ ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಗುಂಡಗೆ ಮೆತ್ತುವ ಸಿಮೆಂಟಿಗೆ. ಟೆರೇಸಿಗೆ ಎರಡೂ ಬೇಕು. ಇಳಿಜಾರು ಕಡಿಮೆಯೆಂದರೂ ನೂರಕ್ಕೆ ಒಂದು ಇರಬೇಕು. ಹತ್ತು ಮೀಟರ್ ದೂರದಿಂದ ನೀರು ಬರಬೇಕಾದರೆ ಪೈಪಿನ ಹತ್ತಿರ ನೆಲ ಹತ್ತು ಸೆಂಟಿಮೀಟರ್ ತಗ್ಗಿರಬೇಕು. ಹಳೆಯ ಬಿಲ್ಡಿಂಗುಗಳಲ್ಲಿ ಬ್ರಿಕ್‌ಬ್ಯಾಟ್ ಕೋಬಾ ಹಾಕುತ್ತಿದ್ದದ್ದೇ ಇದಕ್ಕೆ: ಒಡೆದ ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ಒಂದು ಕಡೆ ದಪ್ಪ ಒಂದು ಕಡೆ ತೆಳು ಮಾಡಿ ನೀರಿಗೆ ದಾರಿ ತೋರಿಸುವುದು. ಆ ಕೋಬಾ ಹಳತಾದಾಗ ಕಿತ್ತು ಹೊಸದು ಹಾಕಬೇಕು. ಕೀಳುವುದು, ಒಡೆದ ಚೂರು ಕೆಳಗೆ ಇಳಿಸುವುದು ಖರ್ಚಿನ ಬಾಬ್ತು, ಹಾಗಾಗಿ ಹಳೆಯದರ ಮೇಲೇ ಇನ್ನೊಂದು ಪದರ ಹಾಕುತ್ತಾರೆ. ನಾಲ್ಕು ಇಂಚು ಕೋಬಾ ಅಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ 200 ಕೆಜಿ. ಆ ಭಾರಕ್ಕೆ ಸ್ಲ್ಯಾಬ್ ನಡುವೆ ಇನ್ನಷ್ಟು ಬಾಗುತ್ತದೆ, ಬಾಗಿದಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ.

ಅಕ್ರಿಲಿಕ್ ಕೋಟಿಂಗಿನ ವಿಷಯಕ್ಕೆ ಬಂದರೆ, ಬಿದ್ದ ನೀರು ಹರಿದುಹೋಗುವ ಜಾಗಕ್ಕೆ ಅದು ಸರಿ. ದಿನಗಟ್ಟಲೆ ನೀರಿನಡಿ ಇದ್ದರೆ ಮೆತ್ತಗಾಗಿ ಹಪ್ಪಳದ ಹಾಗೆ ಏಳುತ್ತದೆ. ಇವತ್ತು ನನ್ನ ಉಗುರಿಗೇ ಒಂದು ಅಂಗೈಯಗಲ ಎದ್ದು ಬಂತು, ಅದರ ಕೆಳಗೂ ನೀರು. ಪಾಲಿಯುರೆಥೇನ್ ಕೋಟಿಂಗ್ ಇದಕ್ಕಿಂತ ಹೆಚ್ಚು ತಡೆಯುತ್ತದೆ, ಆದರೆ ಅದನ್ನೂ ಒಣಗಿದ ನೆಲಕ್ಕೇ ಬಳಿಯಬೇಕು. ಮಾರ್ಚಿನಿಂದ ಮೇ ತನಕ ಮಾಡುವ ಕೆಲಸ ಅದು. ನಾವು ಹೊರಟಿರುವುದು ಜುಲೈಯಲ್ಲಿ, ಎರಡು ಮಳೆಗಳ ನಡುವಿನ ಬಿಸಿಲಿನಲ್ಲಿ, ಹಸಿ ಕಾಂಕ್ರೀಟಿನ ಮೇಲೆ.

ನನ್ನ ಅಜ್ಜನ ಮನೆ ಗದಗಿನ ಹತ್ತಿರದ ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆ ಮನೆ, ಇದನ್ನು ಓದುವ ಗೆಳೆಯರಲ್ಲಿ ಕೆಲವರು ಬಂದು ಉಂಡು ಮಲಗಿದ ಮನೆ. ಅದೂ ಸಪಾಟು ಚಾವಣಿಯೇ. ತೊಲೆ, ಜಂತಿ, ಮೇಲೆ ಮಣ್ಣು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುತ್ತಿದ್ದರು. ಬುಟ್ಟಿ ಬುಟ್ಟಿ ಹೊತ್ತು ಹಾಕಿದ ಮೇಲೆ ಅಜ್ಜ ಒಂದು ಕೊಡ ನೀರು ಸುರಿದು ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ನೀರು ಸೀದಾ ತಗಡಿನ ನಾಳದ ಕಡೆ ಓಡಬೇಕು. ನಡುವೆ ಎಲ್ಲಾದರೂ ತಡವರಿಸಿದರೆ ಅಲ್ಲಿಗೆ ಹೋಗಿ ಅಂಗಾಲಿನಿಂದ ಒತ್ತಿ, ಮತ್ತೊಂದು ಕೊಡ. ಗದಗಿನಲ್ಲಿ ವರ್ಷವಿಡೀ ಬೀಳುವ ಮಳೆ ಮುಂಬಯಿಯ ಜುಲೈ ಒಂದರ ಮಳೆಗಿಂತ ಕಡಿಮೆ. ಇಷ್ಟೇ ಮಳೆಗೆ ಅವನು ಅಷ್ಟು ಹೆದರುತ್ತಿದ್ದ.

ಮೀಟಿಂಗಿನಲ್ಲಿ ಒಬ್ಬರು ಹೇಳಿದರು: ಮುಂಬಯಿ ಮಳೆ ಅಂದರೆ ಹೀಗೇ, 2005ರ ಜುಲೈ 26 ಮರೆತಿರಾ, ಯಾವ ಟೆರೇಸ್ ತಡೆದೀತು? ಮರೆತಿಲ್ಲ. ಅವತ್ತು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿತ್ತು, ನಾನು ಘಾಟ್ಕೋಪರದಿಂದ ಮನೆಗೆ ಎದೆಮಟ್ಟದ ನೀರಿನಲ್ಲಿ ನಡೆದು ಬಂದವನು. ಆದರೆ ಇವತ್ತು ನಮ್ಮ ಟೆರೇಸಿನಲ್ಲಿ ನಿಂತದ್ದು ಆ ಮಳೆಯಲ್ಲ. ಸಾಧಾರಣ ಮಳೆ, ನಿಂತು ಎರಡು ದಿನವಾದ ಮಳೆ. ಎಂದೋ ಒಮ್ಮೆ ಬಂದ ಪ್ರಳಯವನ್ನು ಮುಂದಿಟ್ಟುಕೊಂಡು ಹಾಲಿನ ಪ್ಯಾಕೆಟ್ಟನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ತಗಡಿನ ಶೆಡ್ ಹಾಕಿಸೋಣ ಅಂದವರೂ ಇದ್ದರು. ಪಾಲಿಕೆಯ ಅನುಮತಿ ಬೇಕು, ಗಾಳಿಗೆ ಹಾರದಂತೆ ಬಿಗಿಯಬೇಕು, ಆ ತಗಡಿನ ನೀರೂ ಕೊನೆಗೆ ಇದೇ ಪೈಪಿಗೇ ಬರಬೇಕು.

ಈಗ ನಾವೆಲ್ಲ ಕಾಕು (ಚಿಕ್ಕಮ್ಮ) ಅನ್ನುವವರ ವಿಷಯ. ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ, ಎಪ್ಪತ್ತು ದಾಟಿದೆ. ಆ ನೀರು ನಿಂತಿರುವುದು ಅವರ ಮಲಗುವ ಕೋಣೆಯ ನೆತ್ತಿಯ ಮೇಲೆ. ಐದು ಮೀಟರ್ ಉದ್ದ, ಆರು ಮೀಟರ್ ಅಗಲ, ಒಂದೂವರೆ ಇಂಚು ಆಳ: ಸಾವಿರ ಲೀಟರಿಗೂ ಮೇಲೆ, ಅಂದರೆ ಒಂದು ಟನ್ನಿಗೂ ಮೇಲೆ. ಸ್ಲ್ಯಾಬ್ ಆ ಭಾರಕ್ಕೇ ಬೀಳುವುದಿಲ್ಲ, ಒಪ್ಪಿದೆ. ಅದನ್ನು ಕೆಡಿಸುವುದು ಒಳಗೆ ಇಳಿಯುವ ತೇವ. ನೀರು ಸರಳಿನ ತನಕ ಹೋದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಾಗ ಕೆಳಗಿನ ಕಾಂಕ್ರೀಟನ್ನು ನೂಕಿ ಉದುರಿಸುತ್ತದೆ. ಹೋದ ವರ್ಷ ಆಗಸ್ಟಿನಲ್ಲಿ ಕಾಕು ಚಹಾ ಮಾಡಲು ಅಡುಗೆಮನೆಗೆ ಎದ್ದು ಹೋಗಿದ್ದಾಗ ತಟ್ಟೆಯಗಲದ ಚಕ್ಕೆಯೊಂದು ಅವರ ದಿಂಬಿನ ಮೇಲೆ ಬಿತ್ತು. ಅಲ್ಲಿ ಈಗಲೂ ಕೆಂಪು ಸರಳು ಕಾಣುತ್ತದೆ. ಮಂಚ ಹಾಲ್‌ಗೆ ಬಂದಿದೆ, ಕೋಣೆಯಲ್ಲಿ ಎರಡು ಬಕೆಟ್ಟು.

ಇವತ್ತು ನಾನು ಮೆಟ್ಟಿಲು ಇಳಿಯುವಾಗ ಬಾಗಿಲಲ್ಲೇ ನಿಂತಿದ್ದರು. 'ತಮ್ಮಾ, ಪೈಪಿನ್ಯಾಗ ಸಪ್ಪಳಾ ಆತಲ್ಲೋ, ನೀರು ಹೋತೇನು?' ಅಂದರು. 'ಅರ್ಧಾ ಹೋತು ಕಾಕು' ಅಂದೆ. 'ಅರ್ಧರೆ ಹೋತಲ್ಲ' ಅಂತ ನಕ್ಕರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ನನ್ನಿಂದ ಆಗಲಿಲ್ಲ.

ಯಾಕೆಂದರೆ ಇದರಲ್ಲಿ ನನ್ನ ಪಾಲಿದೆ. ಇಲ್ಲಿ ಬರೆಯಲೇಬೇಕು. ಐದು ವರ್ಷದ ಹಿಂದೆ ನಾನು ಇದೇ ಸೊಸೈಟಿಯ ಖಜಾಂಚಿ. ಬಿಲ್ಡಿಂಗಿಗೆ ಮೂವತ್ತು ದಾಟಿದ್ದರಿಂದ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಮಾಡಿಸಿದ್ದೆವು. ಎಂಜಿನಿಯರ್ ಸ್ಪಷ್ಟವಾಗಿ ಬರೆದುಕೊಟ್ಟಿದ್ದರು: ಹಳೆಯ ಕೋಬಾ ಪೂರ್ತಿ ಕಿತ್ತು, ಇಳಿಜಾರು ಕೊಟ್ಟು ಹೊಸದು ಹಾಕಿ, ಪೈಪಿನ ಬಾಯಿಗಳನ್ನು ತಗ್ಗಿಸಿ. ಅಂದಾಜು 9,00,000. ನಮ್ಮಲ್ಲಿ 16 ಮನೆ, ಮನೆಗೆ 56,250. ಅದು ಹೆಚ್ಚಾಯಿತು ಅಂತ ಮೊದಲು ಕೈ ಎತ್ತಿದವನು ನಾನು. ಬದಲಿಗೆ 1,40,000ದ ಕೋಟಿಂಗಿಗೆ ಸಹಿ ಹಾಕಿದವನೂ ನಾನೇ. ಆಮೇಲೆ 1,60,000ದ್ದು ಇನ್ನೊಂದು. ಈಗ 1,80,000. ಒಟ್ಟು 4,80,000, ನೀರು ಮಾತ್ರ ನಿಂತಲ್ಲೇ ನಿಂತಿದೆ. ನನ್ನ ಮನೆ ಎರಡನೇ ಮಹಡಿಯಲ್ಲಿ. ನನ್ನ ತಲೆ ಮೇಲೆ ಸೋರುವುದಿಲ್ಲ ಅನ್ನುವುದು ಆಗ ನನ್ನ ಮನಸ್ಸಿನಲ್ಲಿ ಇತ್ತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಪ್ರತಿ ಮೀಟಿಂಗಿನಲ್ಲೂ ಕೆಳಗಿನ ಮಹಡಿಗಳವರ ಮನಸ್ಸಿನಲ್ಲಿ ಇರುವುದು ಅದೇ. ನಿನ್ನೆ ಒಬ್ಬರು ಹೇಳಿಯೂಬಿಟ್ಟರು, ಸೋರುವುದು ಮೇಲಿನ ಮನೆಯವರಿಗಲ್ಲವೇ, ಖರ್ಚಿನಲ್ಲಿ ಅವರು ಸ್ವಲ್ಪ ಜಾಸ್ತಿ ಹಾಕಲಿ ಅಂತ.

ಹಾಗೆ ಹಾಕಬೇಕಾಗಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮದಲ್ಲೇ ಇದೆ: ಟೆರೇಸಿನಿಂದ ಮಳೆನೀರು ಸೋರಿದರೆ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಅದಕ್ಕೆಂದೇ ಎಲ್ಲರೂ ತಿಂಗಳು ತಿಂಗಳು ರಿಪೇರಿ ಫಂಡ್, ಸಿಂಕಿಂಗ್ ಫಂಡ್ (ದೊಡ್ಡ ದುರಸ್ತಿಗೆ ಕೂಡಿಡುವ ಹಣ) ಕಟ್ಟುತ್ತಿದ್ದೇವೆ. ಕಾಕು ಮೂವತ್ತು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಮೇಲಾಗಿ ನಿಂತ ನೀರು ಕಾಕು ಒಬ್ಬರದೇ ಅಂದುಕೊಂಡವರಿಗೆ ಇನ್ನೊಂದು ಮಾತು. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಹೀಗೆ ನಿಂತ ತಿಳಿ ನೀರಿನಲ್ಲಿ, ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳೆಂಟು ಹತ್ತು ದಿನ ಸಾಕು. ಹೋದ ಸೆಪ್ಟೆಂಬರಿನಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ ಹುಡುಗನ ಮನೆ ನೆಲಮಹಡಿಯಲ್ಲಿತ್ತು.

ಈ ಮಳೆಗಾಲದಲ್ಲಿ ಕೋಬಾ ಕೀಳಲು ಆಗುವುದಿಲ್ಲ, ನನಗೂ ಗೊತ್ತು. ಈಗ ಆಗುವುದು ಬೇರೆ. ಪೈಪಿನ ಬಾಯಿಯ ಸುತ್ತ ಮೆತ್ತಿರುವ ಕಟ್ಟೆಯನ್ನು ಒಡೆದು ತಗ್ಗು ಮಾಡುವುದು, ಅದರ ಮೇಲೆ ಗುಮ್ಮಟದ ಹಾಗೆ ಉಬ್ಬಿದ ಜಾಳಿಗೆ ಕೂರಿಸುವುದು (ಚಪ್ಪಟೆ ಜಾಳಿಗೆ ಬೇಡ, ಒಂದೇ ಎಲೆ ಸಾಕು ಮುಚ್ಚಲು), ಭಾನುವಾರಕ್ಕೊಮ್ಮೆ ಯಾರಾದರೂ ಹತ್ತಿ ಕೈ ಹಾಕಿ ನೋಡುವುದು. ಗೌಂಡಿ ಒಂದು ದಿನದ ಕೂಲಿ ಕೇಳಿದ್ದಾನೆ, ಅದನ್ನು ನಾನು ಕೊಡುತ್ತೇನೆ. ಆ 1,80,000 ಮುಟ್ಟದೆ ಇಡಿ. ಮಾರ್ಚಿನಲ್ಲಿ ಕಿತ್ತು ಇಳಿಜಾರು ಕೊಡೋಣ. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ಕಟ್ಟಿ ಕನಿಷ್ಠ 48 ಗಂಟೆ ಬಿಡೋಣ, ಕಾಕು ಮನೆಯ ಚಾವಣಿ ನೋಡಿದ ಮೇಲೆ ಬಿಲ್ ಪಾಸ್ ಮಾಡೋಣ. ನನ್ನ ಪಾಲು ಎಷ್ಟೇ ಬರಲಿ, ಮೊದಲ ಚೆಕ್ ನನ್ನದು. ಐದು ವರ್ಷ ತಡವಾಗಿ ಕೊಡುತ್ತಿದ್ದೇನೆ.

ನಿಂತ ನೀರಿನ ಅಂಚಿಗೆ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟ್ಯಾಂಕಿನ ಮೇಲೆ ಹತ್ತಿ ಫೋಟೋ ತೆಗೆದಿದ್ದೇನೆ. ಮುಂದಿನ ಮೀಟಿಂಗಿಗೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ಯುತ್ತೇನೆ. ನಮ್ಮ ಸೊಸೈಟಿಯವರು ನಾಲ್ಕೈದು ಜನ ಈ ಫೇಸ್‌ಬುಕ್ ಗೋಡೆಯ ಮೇಲೆ ಇದ್ದೀರಿ. ಮೀಟಿಂಗಿಗೆ ಮೊದಲು ದಯವಿಟ್ಟು ಒಮ್ಮೆ ಮೇಲೆ ಹತ್ತಿ ಬನ್ನಿ. ಕೀಲಿ ವಾಚ್‌ಮನ್ ಹತ್ತಿರ ಇದೆ.

ಬರೆದು ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು, ಮಳೆ ಮತ್ತೆ ಶುರುವಾಗಿದೆ. ಈಗಷ್ಟೇ ಟಾರ್ಚು ಹಿಡಿದು ಹೋಗಿ ಬಂದೆ. ಪೈಪಿನ ಬಾಯಿ ತೆರೆದೇ ಇದೆ, ನೀರು ಗೆರೆಯನ್ನು ದಾಟಿದೆ. ಇಳಿಯುವಾಗ ಕಾಕು ಮನೆಯಲ್ಲಿ ಇನ್ನೂ ಲೈಟು ಇತ್ತು, ಬಕೆಟ್ಟಿಗೆ ಹನಿ ಬೀಳುವ ಸದ್ದು ಮೆಟ್ಟಿಲ ತನಕ ಕೇಳುತ್ತಿತ್ತು.