ಕ್ರೈಸ್ತ ಡಾಕ್ಟರ್ ಹತ್ತಿರ ಬಂದ ರೋಗಿಗೆ ಏನು ಸಿಗಬೇಕು?

ಕಲಬುರಗಿಯಲ್ಲಿ ಡಾಕ್ಟರಾಗಿರುವ ನನಗೆ ಎರಡು ಕಡೆಯಿಂದ ಪ್ರಶ್ನೆ ಬರುತ್ತದೆ. ಚರ್ಚಿನ ಹಿರಿಯರು ಕೇಳುತ್ತಾರೆ, "ಪೇಶಂಟುಗಳಿಗೆ ಪ್ರಾರ್ಥನಾ ಮಾಡ್ತೀಯೇನವ್ವ? ಸುವಾರ್ತೆ ಹೇಳ್ತೀಯೇನು?" ಹೊರಗಿನವರು ಕೇಳುತ್ತಾರೆ, "ನಿಮ್ಮೋರು ದವಾಖಾನಿ ನಡಸೋದೇ ಮತಾಂತರಕ್ಕ ಅಲ್ಲೇನ್ರಿ?" ಹಿರಿಯರದು ಆಸೆ, ಹೊರಗಿನವರದು ಅನುಮಾನ. ಆದರೆ ಇಬ್ಬರ ಲೆಕ್ಕವೂ ಒಂದೇ. ರೋಗ ನೋಡುವುದು ನೆಪ, ಅಸಲಿ ಕೆಲಸ ಬೇರೆ ಇದೆ ಅಂತ ಇಬ್ಬರೂ ನಂಬಿದ್ದಾರೆ.

ನಾನು ಇದನ್ನು ಒಪ್ಪುವುದಿಲ್ಲ. ರೋಗ ನೋಡುವುದೇ ಅಸಲಿ ಕೆಲಸ. ದೇವರು ನನ್ನನ್ನು ಕರೆದಿರುವುದು ಅದಕ್ಕೇ ಅಂತ ಮನಸಾರೆ ನಂಬಿದ್ದೇನೆ. ಅದನ್ನು ಸರಿಯಾಗಿ, ಮೋಸವಿಲ್ಲದೆ ಮಾಡಿದರೆ ಅದೇ ಆರಾಧನೆ. ಅದರ ಮೇಲೆ ಇನ್ನೇನನ್ನೋ ಹೇರಿ ಪವಿತ್ರ ಮಾಡಬೇಕಾಗಿಲ್ಲ. ಹಾಗಾದರೆ ಕ್ರಿಸ್ತನ ಹೆಸರು ಹೇಳುವ ಡಾಕ್ಟರ್ ಹತ್ತಿರ ಬಂದ ರೋಗಿಗೆ ಏನು ಸಿಗಬೇಕು? ಇದನ್ನು ಯೋಚಿಸುವಾಗಲೆಲ್ಲ ನಾನು ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯಕ್ಕೆ ಹೋಗುತ್ತೇನೆ.

ಅಲ್ಲೊಬ್ಬ ಹೆಂಗಸಿದ್ದಾಳೆ. ಹನ್ನೆರಡು ವರ್ಷದಿಂದ ರಕ್ತಸ್ರಾವ. ಎಷ್ಟೋ ವೈದ್ಯರ ಹತ್ತಿರ ಹೋಗಿದ್ದಾಳೆ, ಕೈಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡಿದ್ದಾಳೆ. ಗುಣ ಆಗುವುದಿರಲಿ, ಇನ್ನೂ ಜಾಸ್ತಿ ಆಗಿದೆ. ಮಾರ್ಕನು ಇದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಇದೇ ಸಂಗತಿಯನ್ನು ಇನ್ನೊಂದು ಸುವಾರ್ತೆ ಬರೆದ ಲೂಕನೂ ಬರೆದಿದ್ದಾನೆ, ಅವನು ಸ್ವತಃ ವೈದ್ಯ. ಆದರೆ ವೈದ್ಯರಿಂದ ಅವಳ ರೋಗ ಹೆಚ್ಚಾಯಿತು ಅನ್ನುವ ಮಾತು ಅವನಲ್ಲಿ ಇಲ್ಲ. ನಮ್ಮ ಕಸುಬಿನವರೆಲ್ಲ ಮಾರ್ಕನು ಬರೆದದ್ದನ್ನೂ ಓದಬೇಕು ಅಂತ ನನಗೆ ಅನಿಸುತ್ತದೆ.

ಯಾಕಂದರೆ ಆ ಹೆಂಗಸು ನಮ್ಮ ಜಿಲ್ಲೆಯವಳೂ ಹೌದು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಏನು ಬಯಲಿಗೆ ಬಂತು ಅಂತ ನೆನಪಿದೆಯಾ? ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವು, ಬಿಳಿಸೆರಗು, ಸೊಂಟನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದರು. ಗರ್ಭಚೀಲ ತೆಗೆಸಿಕೊಂಡು ವಾಪಸ್ ಬಂದರು. ತನಿಖೆ ನಡೆಯಿತು, ಸಂತ್ರಸ್ತ ಹೆಂಗಸರೇ ಬೀದಿಗೆ ಬಂದು ನ್ಯಾಯ ಕೇಳಿದರು. ಅವರಲ್ಲಿ ಬಹಳ ಮಂದಿಗೆ ನಲವತ್ತೂ ಆಗಿರಲಿಲ್ಲ. "ತೆಗಸದಿದ್ರ ಕ್ಯಾನ್ಸರ್ ಆಗ್ತದ" ಅಂತ ಹೆದರಿಸಿದ್ದರು ಅಂತ ಹೇಳಿಕೊಂಡರು. ಮುಂದೆ 2023ರಲ್ಲಿ ಇಂಥ ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಗರ್ಭಚೀಲ ತೆಗೆಯಲೇಬೇಕಾದ ಕಾಯಿಲೆಗಳಿವೆ, ಅದು ಬೇರೆ ಮಾತು. ಆದರೆ ಬಿಳಿಸೆರಗಿಗೆ ಮೊದಲು ಬೇಕಾಗಿರುವುದು ಸರಿಯಾದ ಪರೀಕ್ಷೆ. ಸೋಂಕಿದ್ದರೆ ಕೆಲವು ದಿನದ ಗುಳಿಗೆ, ಕೆಲವು ಸೋಂಕುಗಳಲ್ಲಿ ಗಂಡನಿಗೂ ಸೇರಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಮಾತ್ರೆಗಳಿವೆ, ಹಾರ್ಮೋನ್ ಇರುವ ಕಾಪರ್-ಟಿ ಥರದ ಸಾಧನವೂ ಇದೆ. ಕ್ಯಾನ್ಸರ್ ಭಯ ಇದ್ದರೆ ಅದಕ್ಕೂ ಸರಳ ತಪಾಸಣೆ ಇದೆ. ಆಪರೇಷನ್‌ನಲ್ಲಿ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂವತ್ತರ ಹೆಂಗಸಿಗೆ ಮುಟ್ಟು ನಿಂತವರ ಮೈ ಬರುತ್ತದೆ. ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ತೊಗರಿ ಹೊಲದಲ್ಲಿ ಬಾಗಿ ಕೂಲಿ ಮಾಡುವವಳಿಗೆ ಇದರರ್ಥ ಏನು ಅಂತ ನೀವೇ ಹೇಳಿ.

ಈಗಲೂ ನನ್ನ ಹತ್ತಿರ ಬಂದು "ಅಕ್ಕಾರ, ಚೀಲ ತೆಗಸಿದ್ರ ಎಲ್ಲ ಚಲೋ ಆಗ್ತದೇನ್ರಿ? ಒಮ್ಮೆಲೆ ತೆಗದು ಬಿಡ್ರಿ" ಅನ್ನುವ ಹೆಂಗಸರಿದ್ದಾರೆ. ಅವರನ್ನು ಕೂಡಿಸಿ, ಬೇಡ ಅಂತ ಹೇಳಿ, ಯಾಕೆ ಬೇಡ ಅಂತ ತಿಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ಬಿಲ್ ಇಲ್ಲ. ಡಾಕ್ಟರ ಭಕ್ತಿ ಏನಾದರೂ ಇದ್ದರೆ ಅದು ಕಾಣಬೇಕಾದದ್ದು ಇಲ್ಲಿ. ಗೋಡೆ ಮೇಲೆ ಬೈಬಲ್ ವಚನ ಬರೆಸಿ ಕೆಳಗೆ ಬೇಡದ ಆಪರೇಷನ್ ಮಾಡಿದರೆ ಆ ವಚನವೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಮತ್ತೆ ಮಾರ್ಕನ ಅಧ್ಯಾಯಕ್ಕೆ ಬರುತ್ತೇನೆ. ಯೇಸು ಹೊರಟಿದ್ದದ್ದು ಯಾಯೀರನ ಮನೆಗೆ. ಅವನು ಯೆಹೂದ್ಯರ ಸಭಾಮಂದಿರದ ಅಧಿಕಾರಿ, ಊರಲ್ಲಿ ದೊಡ್ಡ ಮನುಷ್ಯ. ಅವನ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ನಡುದಾರಿಯಲ್ಲಿ ಈ ಹೆಂಗಸು ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟುತ್ತಾಳೆ, ರಕ್ತಸ್ರಾವ ನಿಲ್ಲುತ್ತದೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅವಳು ಅಶುದ್ಧಳು, ಅವಳು ಕೂತ ಜಾಗವೂ ಅಶುದ್ಧ. ಯಾಜಕಕಾಂಡ 15ರಲ್ಲಿ ಓದಬಹುದು. ಯೇಸು ನಿಲ್ಲುತ್ತಾನೆ. ಯಾರು ಮುಟ್ಟಿದ್ದು ಅಂತ ಕೇಳುತ್ತಾನೆ. ಅವಳು ನಡುಗುತ್ತ ಬಂದು ನಡೆದದ್ದನ್ನೆಲ್ಲ ಹೇಳುತ್ತಾಳೆ. ಅವನು ಪೂರ್ತಿ ಕೇಳಿಸಿಕೊಂಡು "ಮಗಳೇ" ಅನ್ನುತ್ತಾನೆ.

ಡಾಕ್ಟರಾಗಿ ಈ ಭಾಗ ನನ್ನನ್ನು ಬಹಳ ಕಾಡಿದೆ. ಕ್ಯಾಜುವಾಲ್ಟಿಯ ನಿಯಮ ಹೇಳುವುದು ಬೇರೆ. ಸಾಯುತ್ತಿರುವ ಹುಡುಗಿ ಮೊದಲು, ಹನ್ನೆರಡು ವರ್ಷದ ಹಳೇ ಕಾಯಿಲೆ ಆಮೇಲೆ. ನಾವೂ ಹಾಗೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಒಪಿಡಿಗಳಲ್ಲಿ ಸರದಿ ಮುರಿಯುವುದು ಬರೀ ಎಮರ್ಜೆನ್ಸಿಗಾ? "ಸಾಹೇಬ್ರ ಕಡಿಯವರು ಬಂದಾರ್ರಿ" ಅಂತ ಒಂದು ಫೋನ್ ಬಂದರೆ ಸಾಕು, ಬೆಳಿಗ್ಗೆ ಚಿತ್ತಾಪುರದಿಂದಲೋ ಸೇಡಂನಿಂದಲೋ ಬಸ್ ಹಿಡಿದು ಬಂದ ಮುದುಕಿ ಹಿಂದೆ ಸರಿಯುತ್ತಾಳೆ. ಯೇಸು ಯಾಯೀರನ ಮನೆಗೂ ಹೋದ, ಅಷ್ಟರಲ್ಲಿ ಸತ್ತಿದ್ದ ಹುಡುಗಿಯನ್ನೂ ಎಬ್ಬಿಸಿದ. ದೊಡ್ಡವರ ಮಗಳಿಗಾಗಿ ಬಡವರ ಮಗಳನ್ನು ದಾಟಿ ಹೋಗಲಿಲ್ಲ, ಅಷ್ಟೇ.

ಮುಟ್ಟುವ ವಿಷಯ ನಮ್ಮ ಮನೆತನಕ್ಕೆ ಬಹಳ ಹತ್ತಿರದ್ದು. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮೆಥೋಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಬಹಳಷ್ಟು ಮನೆಗಳು ಊರ ಹೊರಗಿನ ಕೇರಿಗಳಿಂದ ಬಂದವು. ನಮ್ಮ ಹಿರಿಯರು ನಿಜಾಮನ ಕಾಲದಲ್ಲಿ ಬಾವಿ ಮುಟ್ಟುವ ಹಾಗಿರಲಿಲ್ಲ. ನಮ್ಮಜ್ಜಿ ಮಿಷನ್ ದವಾಖಾನೆ ಬಗ್ಗೆ ಹೇಳುವಾಗ ಔಷಧಿ ಬಗ್ಗೆ ಅಷ್ಟು ಹೇಳುತ್ತಿರಲಿಲ್ಲ. ನರ್ಸಮ್ಮ ಗಾಯ ತೊಳೆದಳು, ಹಣೆ ಮುಟ್ಟಿ ನೋಡಿದಳು, ಅದನ್ನೇ ಹೇಳುತ್ತಿದ್ದಳು. ಇವತ್ತಿಗೂ ನಮ್ಮ ರೋಗಿಗಳ ದೊಡ್ಡ ದೂರು ಯಾವುದು ಗೊತ್ತಾ? "ಡಾಕ್ಟರು ಮುಟ್ಟಿ ಸೈತ ನೋಡಲಿಲ್ರಿ, ಸುಮ್ನೆ ಚೀಟಿ ಬರದು ಕೊಟ್ರು." ಹೊಟ್ಟೆನೋವು ಅಂದವರ ಹೊಟ್ಟೆ ಮೇಲೆ ಕೈ ಇಡದೆ ಸ್ಕ್ಯಾನಿಂಗಿಗೆ ಕಳಿಸುವುದು ವೈದ್ಯಶಾಸ್ತ್ರದ ಲೆಕ್ಕದಲ್ಲೂ ತಪ್ಪು. ಯಾರ ಹೊಟ್ಟೆ ಮೇಲೆ ಕೈ ಇಡುವುದಿಲ್ಲ ಅನ್ನುವುದನ್ನೂ ಗಮನಿಸಿ. ನೋಡಿದರೆ ಸಂಕಟವಾಗುತ್ತದೆ.

ಮಿಷನ್ ಇತಿಹಾಸ ಚರ್ಚಿನವರಿಗೆ ಗೊತ್ತಿರುವುದೇ, ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮದೇ ಮೆಥೋಡಿಸ್ಟ್ ಹೆಂಗಸರ ಸಂಘ ಕಳಿಸಿದ ಡಾ. ಕ್ಲಾರಾ ಸ್ವೇನ್ 1870ರಲ್ಲಿ ಬರೇಲಿಗೆ ಬಂದರು. ಮರುವರ್ಷ ಅವರಿಗೆ ಆಸ್ಪತ್ರೆಗೆ ಜಾಗ ಕೊಟ್ಟವರು ರಾಂಪುರದ ಮುಸ್ಲಿಂ ನವಾಬರು. ಡಾ. ಐಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದರು. ಹೆರಿಗೆಯಲ್ಲಿ ಒಂದೇ ರಾತ್ರಿ ಮೂವರು ಹೆಂಗಸರು ಸತ್ತದ್ದು ಅವರನ್ನು ಡಾಕ್ಟರ್ ಮಾಡಿತು. ನಮ್ಮ ಯಾದಗಿರಿಯಲ್ಲಿ ಹೋಲ್ಸ್ಟನ್ ಆಸ್ಪತ್ರೆ ಇದೆ. ಇವರೆಲ್ಲ ದೊಡ್ಡವರು. ಆದರೆ ಅವರ ಫೋಟೋಗೆ ಹಾರ ಹಾಕಿ ಕೂತರೆ ಸಾಲದು. ನಮ್ಮ ಮಕ್ಕಳು ಎಂಬಿಬಿಎಸ್ ಮುಗಿಸಿ ಬೆಂಗಳೂರು, ಹೈದರಾಬಾದ್, ಅಲ್ಲಿಂದ ಲಂಡನ್ ಅಂತ ಹೊರಟಾಗ ಚರ್ಚಿನಲ್ಲಿ ಸ್ತೋತ್ರ ಹೇಳುತ್ತೇವೆ. ವಾಪಸ್ ಶಹಾಪುರಕ್ಕೋ ಔರಾದಿಗೋ ಬಂದವರಿಗೆ "ಎಲ್ಲೂ ಸೀಟು ಸಿಗಲಿಲ್ಲೇನು?" ಅಂತ ಕೇಳುತ್ತೇವೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ.

ದುಡ್ಡಿನ ಮಾತೂ ಬರಲೇಬೇಕು. ಪುಕ್ಕಟೆ ನೋಡಿದರೆ ಮಾತ್ರ ಸೇವೆ ಅಂತ ನಾನು ಹೇಳುವುದಿಲ್ಲ. ನರ್ಸಿಗೆ ಪಗಾರ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಆದರೆ "ಶಕ್ತಿ ಇಲ್ಲ, ಸಲಾಯಿನ್ ಹಚ್ಚ್ರಿ" ಅಂತ ಬಂದವರಿಗೆ ಆ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು ಅಂತ ಹೇಳುವ ಧೈರ್ಯ ಬೇಕು. ಆ ಹೆಂಗಸಿಗೆ ಇರುವುದು ಹೆಚ್ಚಾಗಿ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದೆ. ಕಬ್ಬಿಣಾಂಶದ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿಯಬೇಡ ಅಂತ ಹೇಳುವುದಕ್ಕೆ ಖರ್ಚಿಲ್ಲ. ಇನ್ನು ಲ್ಯಾಬಿನವರು, ಸ್ಕ್ಯಾನಿಂಗ್‌ನವರು ಕೊಡುವ ಕಮಿಷನ್. 2002ರ ವೈದ್ಯರ ನಡತೆ ನಿಯಮದಲ್ಲೇ ಅದು ನಿಷಿದ್ಧ. ಆದರೂ ತಗೊಂಡು, ಅದರಲ್ಲೇ ಹತ್ತನೇ ಒಂದು ಪಾಲನ್ನು ಚರ್ಚಿಗೆ ದಶಮಾಂಶ ಅಂತ ಕೊಟ್ಟರೆ ದೇವರು ಒಪ್ಪುತ್ತಾನಾ? ಕ್ರೈಸ್ತ ಡಾಕ್ಟರುಗಳಿಗೆ ನೇರವಾಗಿ ಕೇಳುತ್ತಿದ್ದೇನೆ.

ಯಾಯೀರನ ಮಗಳು ಎದ್ದ ಮೇಲೆ ಯೇಸು ಹೇಳಿದ ಕೊನೆಯ ಮಾತು ನನಗೆ ಬಹಳ ಇಷ್ಟ. ಇವಳಿಗೆ ಊಟಕ್ಕೆ ಏನಾದರೂ ಕೊಡಿ ಅನ್ನುತ್ತಾನೆ. ಅಷ್ಟು ದೊಡ್ಡ ಅದ್ಭುತದ ನಂತರ ಹುಡುಗಿಗೆ ಹಸಿವಾಗಿರಬೇಕು ಅಂತ ಅವನಿಗೆ ಹೊಳೆಯಿತು. ಟಿಬಿ ರೋಗಿಗೆ ಆರು ತಿಂಗಳ ಗುಳಿಗೆ ಕೊಟ್ಟು ಕಳಿಸುವಾಗ ಮನೆಯಲ್ಲಿ ರೊಟ್ಟಿಯ ಜೊತೆ ಬೇಳೆ ಇದೆಯಾ ಅಂತ ನಾವು ಕೇಳಬೇಕಲ್ವಾ? ಊಟಕ್ಕೆ ಅಂತ ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಅದು ಖಾತೆಗೆ ಬಂತಾ ಅಂತ ವಿಚಾರಿಸುವುದೂ ಚಿಕಿತ್ಸೆಯೇ.

ಇನ್ನು ಮತಾಂತರದ ಅನುಮಾನ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರು ಅಂತ ಕಾಣುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ, ಅವನಿಗೂ ಬೇಜಾರಾಗಿತ್ತು. ಆದರೆ ಅವರಿಗೆ ಕೊಟ್ಟ ಆರೋಗ್ಯ ಕಿತ್ತುಕೊಳ್ಳಲಿಲ್ಲ. ನನಗೆ ಇದಕ್ಕಿಂತ ಸ್ಪಷ್ಟ ನಿಯಮ ಬೇಡ. ರೋಗಿ ಹಾಸಿಗೆ ಮೇಲೆ ಮಲಗಿದ್ದಾನೆ, ನಾನು ನಿಂತಿದ್ದೇನೆ, ಅವನ ಜೀವ ನನ್ನ ಕೈಯಲ್ಲಿದೆ. ಆ ಹೊತ್ತಿನಲ್ಲಿ ಅವನ ನಂಬಿಕೆ ಬದಲಾಯಿಸಲು ನೋಡುವುದು ಅವನ ಕಷ್ಟದ ದುರುಪಯೋಗ. ಅವನೇ ಪ್ರಾರ್ಥಿಸಿ ಅಂತ ಕೇಳಿದರೆ ಪ್ರಾರ್ಥಿಸುತ್ತೇನೆ. ಬಂದೇನವಾಜರ ದರ್ಗಾದ ತಾಯಿತ ಕಟ್ಟಿಕೊಂಡು ಬಂದರೆ, ಶರಣಬಸವೇಶ್ವರ ಗುಡಿಯ ಭಸ್ಮ ಹಚ್ಚಿಕೊಂಡು ಬಂದರೆ ಅದಿದ್ದ ಹಾಗೇ ಇರಲಿ, ನಾನು ಬಿಪಿ ನೋಡುತ್ತೇನೆ. ಕಾಯಕ ಅಂತ ನಂಬಿ, ಖಿದ್ಮತ್ ಅಂತ ನಂಬಿ ನನಗಿಂತ ಚೆನ್ನಾಗಿ ದುಡಿಯುವ ಡಾಕ್ಟರುಗಳು ಈ ಊರಲ್ಲಿದ್ದಾರೆ. ಅವರನ್ನು ಕಂಡರೆ ನನಗೆ ಖುಷಿ.

ಸಭೆಯ ಹಿರಿಯರಿಗೆ ಒಂದು ಬೇಡಿಕೆ ಇದೆ. ವೆಲ್ಲೂರಿನ ಸಿಎಂಸಿಯಲ್ಲಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಒಂದು ಪದ್ಧತಿ ಇದೆ. ಸಭೆಯ ಪರವಾಗಿ ಸೀಟು ಪಡೆದ ಮಕ್ಕಳು ಓದು ಮುಗಿದ ಮೇಲೆ ಎರಡು ವರ್ಷ ಸಭೆ ಹೇಳಿದ ಕಡೆ ಕೆಲಸ ಮಾಡಬೇಕು. ನಮ್ಮ ಜಿಲ್ಲೆಗಳ ಸಭೆಗಳೂ ಸೇರಿ ಇದೇ ಥರ ಒಂದು ನಿಧಿ ಮಾಡಬಹುದು. ಮೆಡಿಕಲ್ ಇರಲಿ, ನರ್ಸಿಂಗ್ ಇರಲಿ, ಕೇರಿಯ ಮಕ್ಕಳ ಫೀಸು ಕಟ್ಟೋಣ. ಬದಲಿಗೆ ಎರಡು ವರ್ಷ ಸುರಪುರದಲ್ಲೋ ಭಾಲ್ಕಿಯಲ್ಲೋ ಕೆಲಸ ಕೇಳೋಣ. ಈ ಸಲದ ಸುಗ್ಗಿ ಹಬ್ಬದ ಕಾಣಿಕೆಯಿಂದಲೇ ಶುರು ಮಾಡಬಹುದು. ಮೊದಲ ಕಂತು ನನ್ನದು. ಯಾರ ಯಾರ ಸಭೆಯಲ್ಲಿ ಇದರ ಬಗ್ಗೆ ಮಾತಾಡಲು ಅವಕಾಶ ಕೊಡುತ್ತೀರಿ, ತಿಳಿಸಿ. ಭಾನುವಾರ ಆರಾಧನೆ ಮುಗಿದ ಮೇಲೆ ಬರುತ್ತೇನೆ.